ರೇಡಿಯೇಟರ್ ದೊಡ್ಡದಾದಷ್ಟೂ ಪ್ರೊಸೆಸರ್ ತಣ್ಣಗಾಗುತ್ತದೆಯೇ?

ಪ್ರಶ್ನೆ: ವಿಡಿಯೋ ಎಡಿಟಿಂಗ್ ಮತ್ತು ಬ್ಲೆಂಡರ್‌ನಲ್ಲಿ 3ಡಿ ಕೆಲಸಕ್ಕಾಗಿ ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುತ್ತಿದ್ದೇನೆ. ಪ್ರೊಸೆಸರ್ ರೈಜನ್ 9 9950ಎಕ್ಸ್, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5070 ಟಿಐ. ಎಷ್ಟೋ ಸಲ ರಾತ್ರಿಯಿಡೀ ರೆಂಡರ್ (3ಡಿ ದೃಶ್ಯವನ್ನು ಚಿತ್ರವಾಗಿಸುವ ಲೆಕ್ಕ) ಓಡುತ್ತದೆ, ಬಿಡುವಾದಾಗ ಗೇಮ್ ಕೂಡ ಆಡುತ್ತೇನೆ. ಕೋಣೆಗೆ ಎ.ಸಿ. ಇಲ್ಲ. 240, 280, 360 ಇವುಗಳಲ್ಲಿ ಯಾವ ಅಳತೆಯ ಲಿಕ್ವಿಡ್ ಕೂಲರ್ ಕೊಳ್ಳಲಿ? ಒಳ್ಳೆಯ ಏರ್ ಕೂಲರ್ ಸಾಲದೇ? ನೀರು ಸೋರಿದರೆ ಗತಿ ಏನು? ಪಂಪಿನ ಮೇಲೆ ಪುಟ್ಟ ಸ್ಕ್ರೀನ್ ಇರುವ ಮಾಡೆಲ್ ಕಡೆಗೆ ಮನಸ್ಸು ಎಳೆಯುತ್ತಿದೆ, ಅದನ್ನೇ ಕೊಳ್ಳಬಹುದೇ?

ಉತ್ತರ: ಮೂರು ಅಳತೆಗಳ ಹೆಸರು ಹೇಳಿದ್ದೀರಿ. ಇವು ರೇಡಿಯೇಟರ್‌ನ, ಅಂದರೆ ಲಿಕ್ವಿಡ್ ಕೂಲರ್‌ನ ಬಿಸಿ ನೀರನ್ನು ಫ್ಯಾನ್ ಗಾಳಿಯಿಂದ ತಣಿಸುವ ಭಾಗದ, ಮಿ.ಮೀ. ಅಳತೆಗಳು. ಆದರೆ ಅಳತೆಯನ್ನು ನಿರ್ಧರಿಸುವ ಎರಡು ವಿಷಯಗಳು ನಿಮ್ಮ ಪ್ರಶ್ನೆಯಲ್ಲಿ ಇಲ್ಲ. ರೆಂಡರ್ ನಡೆಯುವುದು ಪ್ರೊಸೆಸರ್ ಮೇಲೋ, ಗ್ರಾಫಿಕ್ಸ್ ಕಾರ್ಡ್ ಮೇಲೋ? ಪ್ರೊಸೆಸರ್‌ಗೆ ಎಷ್ಟು ವ್ಯಾಟ್ ಎಳೆಯಲು ಬಿಡುತ್ತೀರಿ? ಇವೆರಡು ಗೊತ್ತಾಗುವವರೆಗೆ ಯಾರು ಯಾವ ಅಳತೆ ಹೇಳಿದರೂ ಅದು ಊಹೆಯೇ.

ಮೊದಲನೆಯದನ್ನು ಬೇಗ ಮುಗಿಸೋಣ. ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವ ಸೈಕಲ್ಸ್ ಎಂಜಿನ್‌ಗೆ ಆಪ್ಟಿಎಕ್ಸ್ ಎಂಬ ಆಯ್ಕೆ ಕೊಟ್ಟರೆ ಲೆಕ್ಕದ ಬಹುಭಾಗ ನಿಮ್ಮ ಎನ್‌ವಿಡಿಯಾ ಕಾರ್ಡಿಗೆ ಹೋಗುತ್ತದೆ. 5070 ಟಿಐ ಕಾರ್ಡಿನ ವಿದ್ಯುತ್ ಮಿತಿ 300 ವ್ಯಾಟ್. ಆ ಹೊತ್ತಿನಲ್ಲಿ ಪ್ರೊಸೆಸರ್ ಸೀನ್ ಸಿದ್ಧಪಡಿಸಿಕೊಟ್ಟು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಅಂದರೆ ರಾತ್ರಿಯಿಡೀ ಬಿಸಿಯಾಗುವುದು ಗ್ರಾಫಿಕ್ಸ್ ಕಾರ್ಡ್, ನೀವು ಲಿಕ್ವಿಡ್ ಕೂಲರ್ ಕೊಳ್ಳುತ್ತಿರುವುದು ಪ್ರೊಸೆಸರ್‌ಗೆ! ನಿಮ್ಮ ಸೀನ್‌ಗಳು ಕಾರ್ಡಿನ 16 ಜಿಬಿ ಮೆಮೊರಿಯಲ್ಲಿ ಹಿಡಿಯುತ್ತವೆ ಎಂದಾದರೆ ಕೂಲರ್‌ಗೆ ಮೀಸಲಿಟ್ಟ ಹಣದಲ್ಲಿ ಒಂದು ಪಾಲನ್ನು ಮುಂಭಾಗ ಪೂರ್ತಿ ಜಾಲರಿಯಿರುವ ಕ್ಯಾಬಿನೆಟ್ ಮತ್ತು ಒಳ್ಳೆಯ ಫ್ಯಾನ್‌ಗಳಿಗೆ ತಿರುಗಿಸಿ. ಗಾಜಿನ ಮುಂಭಾಗದ, ಉಸಿರುಗಟ್ಟುವ ಕ್ಯಾಬಿನೆಟ್‌ಗೆ 360 ರೇಡಿಯೇಟರ್ ತುರುಕಿ ಆಮೇಲೆ ಕೂಲರ್ ಸರಿಯಿಲ್ಲ ಎಂದು ಬಯ್ಯುವವರ ಪ್ರಶ್ನೆಗಳು ನನಗೆ ಬರುತ್ತಲೇ ಇರುತ್ತವೆ.

ಸೀನ್‌ಗಳು ಭಾರವಾಗಿದ್ದು ಪ್ರೊಸೆಸರ್ ಮೇಲೆಯೇ ರೆಂಡರ್ ಮಾಡುತ್ತೀರಿ, ಅಥವಾ ವಿಡಿಯೋ ಎನ್‌ಕೋಡಿಂಗನ್ನು ಪ್ರೊಸೆಸರ್‌ಗೇ ಬಿಡುತ್ತೀರಿ ಎಂದಾದರೆ ಮುಂದಿನ ಮಾತು ನಿಮಗೆ ಪೂರ್ತಿಯಾಗಿ ಅನ್ವಯಿಸುತ್ತದೆ.

9950ಎಕ್ಸ್‌ನ ವಿವರಪಟ್ಟಿಯಲ್ಲಿ ಟಿಡಿಪಿ, ಅಂದರೆ ಕೂಲರ್ ಆರಿಸಲು ಕಂಪನಿ ಕೊಡುವ ಶಾಖದ ಅಂಕಿ, 170 ವ್ಯಾಟ್ ಎಂದಿದೆ. ಆದರೆ ಸಾಕೆಟ್‌ನಿಂದ ಅದು ಎಳೆಯಬಹುದಾದ ಗರಿಷ್ಠ ಮಿತಿ, ಅಂದರೆ ಪಿಪಿಟಿ, 230 ವ್ಯಾಟ್. ಎಎಂ5 (ಎಎಂಡಿಯ ಈ ಸಾಕೆಟ್‌ನ ಹೆಸರು) ಪ್ರೊಸೆಸರ್‌ಗಳಲ್ಲಿ ಟಿಡಿಪಿಯನ್ನು 1.35ರಿಂದ ಗುಣಿಸಿದರೆ ಪಿಪಿಟಿ ಸಿಗುತ್ತದೆ: 65ಕ್ಕೆ 88, 105ಕ್ಕೆ 142, 120ಕ್ಕೆ 162, 170ಕ್ಕೆ 230. ಕೂಲರ್ ನೋಡುವಾಗ ಎರಡನೆಯ ಅಂಕಿಯನ್ನೇ ಹಿಡಿಯಿರಿ. ಕೂಲರ್ ಡಬ್ಬದ ಮೇಲೆ '300 ವ್ಯಾಟ್ ತಡೆಯುತ್ತದೆ' ಎಂದು ಬರೆದಿರುವುದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಆ ಅಂಕಿಯನ್ನು ಅಳೆಯಲು ಎಲ್ಲ ಕಂಪನಿಗಳೂ ಒಪ್ಪಿಕೊಂಡ ಒಂದೇ ಪದ್ಧತಿ ಇಲ್ಲ.

ಈಗ ತಲೆಬರಹದ ಪ್ರಶ್ನೆಗೆ ಬರುತ್ತೇನೆ. ಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಚಿಪ್‌ನಿಂದ ಹೊರಟ ಶಾಖ ಎರಡು ಹಂತದಲ್ಲಿ ಹೊರಗೆ ಹೋಗುತ್ತದೆ. ಮೊದಲ ಹಂತದಲ್ಲಿ ಸಿಲಿಕಾನ್‌ನಿಂದ ಪ್ರೊಸೆಸರ್‌ನ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಥರ್ಮಲ್ ಪೇಸ್ಟ್ ದಾಟಿ ಕೂಲರ್‌ನ ತಾಮ್ರದ ತಟ್ಟೆಗೆ, ತಟ್ಟೆಯಿಂದ ನೀರಿಗೆ. ಎರಡನೆಯ ಹಂತದಲ್ಲಿ ನೀರಿನಿಂದ ರೇಡಿಯೇಟರ್‌ಗೆ, ರೇಡಿಯೇಟರ್‌ನಿಂದ ಗಾಳಿಗೆ. ರೇಡಿಯೇಟರ್ ದೊಡ್ಡದು ಮಾಡಿದರೆ ಸುಧಾರಿಸುವುದು ಎರಡನೆಯ ಹಂತ ಮಾತ್ರ. 9950ಎಕ್ಸ್‌ನಲ್ಲಿ ಕೋರ್‌ಗಳಿರುವ ಎರಡು ಚಿಪ್ಲೆಟ್‌ಗಳಿವೆ (ಸಣ್ಣ ಚಿಪ್‌ಗಳು), ಒಂದೊಂದೂ ಸುಮಾರು 70 ಚದರ ಮಿ.ಮೀ. ಶಾಖದ ಬಹುಪಾಲು ಹುಟ್ಟುವುದು ಅಷ್ಟು ಸಣ್ಣ ಜಾಗದಲ್ಲಿ, ಅದು ಹೊರಬರಬೇಕಾದದ್ದೂ ಅದೇ ಕಿಂಡಿಯಿಂದ. ಕೊಡದ ಕಂಠ ಕಿರಿದಾಗಿದ್ದರೆ ಕೆಳಗೆ ಎಷ್ಟು ದೊಡ್ಡ ಹಂಡೆ ಇಟ್ಟರೇನು, ನೀರು ಸುರಿಯುವ ವೇಗ ಹೆಚ್ಚುವುದಿಲ್ಲವಲ್ಲ, ಹಾಗೆ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗಾಗಿ, ಆದರೆ ವಾಸ್ತವದಿಂದ ದೂರವಿಲ್ಲ. ಕೋಣೆಯ ಉಷ್ಣತೆ 32 ಡಿಗ್ರಿ ಇರಲಿ. 230 ವ್ಯಾಟ್ ಹೊರೆಯಲ್ಲಿ 360 ರೇಡಿಯೇಟರ್ ಇರುವ ಕೂಲರ್‌ನ ನೀರು ಕೋಣೆಗಿಂತ 12 ಡಿಗ್ರಿ ಮೇಲೆ, ಅಂದರೆ 44ರಲ್ಲಿ ನಿಂತಿದೆ ಎನ್ನಿ. ನೀರಿನಿಂದ ಚಿಪ್‌ವರೆಗಿನ ಅಂತರ 46 ಡಿಗ್ರಿ. ಪ್ರೊಸೆಸರ್ ತೋರಿಸುವುದು 90. ಈಗ ಅದೇ ಫ್ಯಾನ್, ಅದೇ ವೇಗ, ರೇಡಿಯೇಟರ್ ಮಾತ್ರ 240. ಮೇಲ್ಮೈ ಮೂರರಲ್ಲಿ ಎರಡು ಪಾಲಿಗೆ ಇಳಿಯಿತು, ನೀರಿನ ಏರಿಕೆ 12ರಿಂದ 18 ಆಯಿತು. ಆ 46 ಹಾಗೆಯೇ ಉಳಿಯಿತು. ಒಟ್ಟು 96. ಅಲ್ಲಿಗೆ ಎಎಂಡಿ ಇಟ್ಟಿರುವ 95 ಡಿಗ್ರಿ ಮಿತಿ ಮುಟ್ಟಿ ಪ್ರೊಸೆಸರ್ ತನ್ನಷ್ಟಕ್ಕೆ ತಾನೇ ಸ್ವಲ್ಪ ವೇಗ ತಗ್ಗಿಸಿಕೊಳ್ಳುತ್ತದೆ. ಮೂರನೆಯ ಫ್ಯಾನ್, ಉದ್ದನೆಯ ರೇಡಿಯೇಟರ್, ದೊಡ್ಡ ಕ್ಯಾಬಿನೆಟ್ ಎಲ್ಲ ಸೇರಿ ತಂದುಕೊಟ್ಟದ್ದು ಆರು ಡಿಗ್ರಿ.

ಈಗ ರೇಡಿಯೇಟರ್ ಮುಟ್ಟದೆ ವ್ಯಾಟ್ ಇಳಿಸಿ. ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಇಕೋ ಮೋಡ್ 105 ಆರಿಸಿದರೆ ಮಿತಿ 142 ವ್ಯಾಟ್‌ಗೆ ಬರುತ್ತದೆ. ಶಾಖವೇ ಕಡಿಮೆಯಾದ್ದರಿಂದ ಎರಡೂ ಹಂತಗಳ ಅಂತರ ಅದೇ ಅನುಪಾತದಲ್ಲಿ ಕುಗ್ಗುತ್ತದೆ: 46 ಇದ್ದದ್ದು 28, 12 ಇದ್ದದ್ದು ಏಳೂವರೆ. ಪ್ರೊಸೆಸರ್ 67ರ ಆಸುಪಾಸಿಗೆ ಬಂತು. ರೆಂಡರ್ ವೇಗವೂ ಅದೇ ಪ್ರಮಾಣದಲ್ಲಿ ಬಿದ್ದುಹೋಯಿತೇ ಎಂದರೆ ಇಲ್ಲ. ಚಿಪ್ ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗದಂತೆ ಏರುತ್ತದೆ. ಕೊನೆಯ ಕೆಲವು ನೂರು ಮೆಗಾಹರ್ಟ್ಜ್‌ಗಾಗಿಯೇ ಅದು ವಿಪರೀತ ವ್ಯಾಟ್ ಸುಡುತ್ತಿರುತ್ತದೆ. ಅದನ್ನು ಬಿಟ್ಟುಕೊಟ್ಟರೆ ವಿದ್ಯುತ್ತಿನಲ್ಲಿ ಶೇಕಡಾ 38ರಷ್ಟು ಉಳಿತಾಯ, ವೇಗದಲ್ಲಿ ಆಗುವ ನಷ್ಟ ಅದರ ಒಂದು ಸಣ್ಣ ಪಾಲು. ಎ.ಸಿ. ಇಲ್ಲದ ಕೋಣೆಯಲ್ಲಿ ಮಲಗಿರುವಾಗ ರೆಂಡರ್ ಓಡಿಸುವವರಿಗೆ ಇದಕ್ಕಿಂತ ಲಾಭದ ವ್ಯವಹಾರ ಇನ್ನೊಂದಿಲ್ಲ. 230 ವ್ಯಾಟ್ ನೀರಿನ ಮೂಲಕ ಹೋದರೂ ಗಾಳಿಯ ಮೂಲಕ ಹೋದರೂ ಕಡೆಗೆ ಬಂದು ಸೇರುವುದು ಅದೇ ಕೋಣೆಗೆ.

ಹಾಗಾದರೆ ದೊಡ್ಡ ರೇಡಿಯೇಟರ್ ಯಾಕೆ ಬೇಕು? ನನ್ನ ಪ್ರಕಾರ ಅದು ತಂದುಕೊಡುವುದು ನಿಶ್ಶಬ್ದ. ಅದೇ ನೀರಿನ ಉಷ್ಣತೆ ಕಾಯ್ದುಕೊಳ್ಳಲು 240ರ ಫ್ಯಾನ್‌ಗಳು ಜೋರಾಗಿ ತಿರುಗಬೇಕು, 360ರವು ನಿಧಾನಕ್ಕೆ ತಿರುಗಿದರೆ ಸಾಕು. ಪಕ್ಕದಲ್ಲೇ ಕುಳಿತು ಆಡಿಯೋ ಕೂಡ ಎಡಿಟ್ ಮಾಡುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಕೇಳಿಸುತ್ತದೆ. ಐದಾರು ಡಿಗ್ರಿ ಇಳಿಕೆಗಾಗಿ ಕೊಂಡವರು ನಿರಾಶರಾಗುತ್ತಾರೆ, ಸದ್ದಿಗಾಗಿ ಕೊಂಡವರು ಆಗುವುದಿಲ್ಲ.

280ರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಅದು ಅನ್ಯಾಯ. ಎರಡು 140 ಮಿ.ಮೀ. ಫ್ಯಾನ್‌ಗಳ ಕ್ಷೇತ್ರಫಲ 39,200 ಚದರ ಮಿ.ಮೀ., ಮೂರು 120 ಮಿ.ಮೀ. ಫ್ಯಾನ್‌ಗಳದ್ದು 43,200. ಅಂದರೆ 360ರ ಹತ್ತರಲ್ಲಿ ಒಂಬತ್ತು ಪಾಲು ಮೇಲ್ಮೈ, ಅದೂ ಚಿಕ್ಕ ಉದ್ದದಲ್ಲಿ. ದೊಡ್ಡ ಫ್ಯಾನ್ ಕಡಿಮೆ ವೇಗದಲ್ಲೇ ಅಷ್ಟು ಗಾಳಿ ತಳ್ಳುವುದರಿಂದ ಸದ್ದೂ ಹಿತ. ತೊಂದರೆ ಅಗಲದ್ದು: ಕ್ಯಾಬಿನೆಟ್‌ನ ಮೇಲ್ಭಾಗದಲ್ಲಿ ಕೂರಿಸಿದಾಗ 140 ಮಿ.ಮೀ. ಅಗಲದ ರೇಡಿಯೇಟರ್ ಎತ್ತರದ ರ‍್ಯಾಮ್‌ಗೋ ಮದರ್‌ಬೋರ್ಡಿನ ವಿಆರ್‌ಎಂ (ಪ್ರೊಸೆಸರ್‌ಗೆ ವಿದ್ಯುತ್ ಹೊಂದಿಸಿ ಕೊಡುವ ಭಾಗ) ಹೀಟ್‌ಸಿಂಕ್‌ಗೋ ತಾಗಬಹುದು.

ಅಳತೆಯ ಮಾತು ಬಂದಾಗ ಇನ್ನೊಂದು. 360 ಎಂದರೆ ಮೂರು ಫ್ಯಾನ್‌ಗಳ ಉದ್ದ ಮಾತ್ರ. ಎರಡೂ ತುದಿಯ ತೊಟ್ಟಿಗಳು ಸೇರಿ ರೇಡಿಯೇಟರ್ 390ರಿಂದ 400 ಮಿ.ಮೀ. ತನಕ ಉದ್ದವಿರುತ್ತದೆ. ದಪ್ಪ ಸಾಮಾನ್ಯವಾಗಿ 27 ಮಿ.ಮೀ., ಅದಕ್ಕೆ ಫ್ಯಾನಿನ 25 ಸೇರಿದರೆ 52. ಆರ್ಕ್ಟಿಕ್‌ನ ಲಿಕ್ವಿಡ್ ಫ್ರೀಜರ್ 3 ಸರಣಿಯಂಥವು 38 ಮಿ.ಮೀ. ದಪ್ಪದವು, ಫ್ಯಾನ್ ಸೇರಿ 63. ಕ್ಯಾಬಿನೆಟ್ ವಿವರದಲ್ಲಿ '360 ಹಿಡಿಯುತ್ತದೆ' ಎಂದು ಬರೆದಿದ್ದರೂ ಮದರ್‌ಬೋರ್ಡಿನ ಮೇಲಂಚಿನಿಂದ ಛಾವಣಿಗೆ ಎಷ್ಟು ಜಾಗವಿದೆ ಎಂಬ ಅಂಕಿಯನ್ನು ಹುಡುಕಿ ನೋಡಿ.

ಏರ್ ಕೂಲರ್ ಸಾಲದೇ ಎಂದು ಕೇಳಿದ್ದೀರಿ. 142 ವ್ಯಾಟ್ ಮಿತಿಯಲ್ಲಿ ಓಡಿಸುವುದಾದರೆ ಧಾರಾಳವಾಗಿ ಸಾಕು. ನೋಕ್ಟುವಾ ಎನ್‌ಎಚ್-ಡಿ15, ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಬಗೆಯ ಎರಡು ಗೋಪುರದ ಕೂಲರ್‌ಗಳು ಈ ಕೆಲಸವನ್ನು ಸಲೀಸಾಗಿ ಮಾಡುತ್ತವೆ. ಇವುಗಳಲ್ಲಿ ಕೆಡಬಹುದಾದದ್ದು ಫ್ಯಾನ್ ಒಂದೇ, ಕೆಟ್ಟರೆ ಹೊಸದು ಸಿಕ್ಕಿಸಬಹುದು. ಲೋಹದ ಗೋಪುರಕ್ಕೆ ಹೆಚ್ಚುಕಡಿಮೆ ಆಯುಷ್ಯವೇ ಮುಗಿಯುವುದಿಲ್ಲ. ಪೂರ್ತಿ 230 ವ್ಯಾಟ್ ಬಿಟ್ಟರೂ ಏನೂ ಸುಟ್ಟುಹೋಗುವುದಿಲ್ಲ, 95 ಡಿಗ್ರಿಗೆ ಅಂಟಿಕೊಂಡು ಸ್ವಲ್ಪ ಕಡಿಮೆ ವೇಗದಲ್ಲಿ ಓಡುತ್ತದೆ. ಕ್ಯಾಬಿನೆಟ್‌ನ ಅಗಲ ಮಾತ್ರ ನೋಡಿಕೊಳ್ಳಿ, ಡಿ15 ಎತ್ತರ 165 ಮಿ.ಮೀ. ಇದೆ. ಎತ್ತರದ ರ‍್ಯಾಮ್ ಇದ್ದರೆ ಮುಂದಿನ ಫ್ಯಾನನ್ನು ಮೇಲಕ್ಕೆ ಸರಿಸಬೇಕಾಗಿ ಬಂದು ಆ ಎತ್ತರ ಇನ್ನಷ್ಟು ಏರುತ್ತದೆ.

ಲಿಕ್ವಿಡ್ ಕೂಲರ್‌ಗೆ ನಿಜವಾದ ಅನುಕೂಲಗಳೂ ಇವೆ. ಪ್ರೊಸೆಸರ್‌ನ ಶಾಖವನ್ನು ಕ್ಯಾಬಿನೆಟ್ ಒಳಗೆ ಚೆಲ್ಲದೆ ನೇರವಾಗಿ ಅಂಚಿಗೆ ಸಾಗಿಸುತ್ತದೆ. ಮದರ್‌ಬೋರ್ಡಿನ ಮೇಲೆ ಒಂದು ಕಿಲೋಗಿಂತ ಹೆಚ್ಚು ತೂಕ ನೇತುಬಿದ್ದಿರುವುದಿಲ್ಲ. ಕಂಪ್ಯೂಟರನ್ನು ಆಗಾಗ ಬೇರೆಡೆಗೆ ಒಯ್ಯುವವರಿಗೆ ಇದು ಸಣ್ಣ ವಿಷಯವಲ್ಲ. ಹೊರೆ ಕ್ಷಣಕ್ಷಣಕ್ಕೂ ಏರಿಳಿಯುವ ಕೆಲಸದಲ್ಲಿ ನೀರು ಆ ಏರಿಳಿತವನ್ನು ನುಂಗಿಕೊಂಡು ಫ್ಯಾನ್ ಸದ್ದನ್ನು ಸಮವಾಗಿ ಇಡುತ್ತದೆ.

ಈ ನುಂಗಿಕೊಳ್ಳುವ ಗುಣವೇ ಪರೀಕ್ಷೆ ಮಾಡುವಾಗ ಮೋಸವನ್ನೂ ಮಾಡುತ್ತದೆ. ಕಾಲು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು ಒಂದು ಸಾವಿರ ಜೂಲ್ ಬೇಕು. ರೇಡಿಯೇಟರ್ ಏನೂ ಕೆಲಸ ಮಾಡದಿದ್ದರೆ 230 ವ್ಯಾಟ್‌ನಲ್ಲಿ ನಾಲ್ಕೈದು ಸೆಕೆಂಡಿಗೆ ಒಂದು ಡಿಗ್ರಿ ಏರುತ್ತದೆ. ರೇಡಿಯೇಟರ್ ಕೆಲಸ ಮಾಡುವುದರಿಂದ ಏರಿಕೆ ಇನ್ನೂ ನಿಧಾನ, ನೀರು ಒಂದು ನೆಲೆಗೆ ಬರಲು ಹಲವು ನಿಮಿಷ ಬೇಕು. ಗ್ರಾಫಿಕ್ಸ್ ಕಾರ್ಡಿನ ಬಿಸಿಯೂ ಸೇರಿ ಕ್ಯಾಬಿನೆಟ್ ಒಳಗಿನ ಗಾಳಿಯೆಲ್ಲ ನೆಲೆಗೊಳ್ಳಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಹಾಗಾಗಿ ಒಂದು ನಿಮಿಷದ ಬೆಂಚ್‌ಮಾರ್ಕ್ ಓಡಿಸಿ 'ಎಪ್ಪತ್ತೈದು ದಾಟಲಿಲ್ಲ' ಎಂದು ಹೇಳುವವರ ಮಾತನ್ನು ನಿಮ್ಮ ರಾತ್ರಿಯ ರೆಂಡರ್‌ಗೆ ಹೊಂದಿಸಬೇಡಿ. ಹೋಲಿಸಿ ನೋಡುವಾಗ ಪರೀಕ್ಷೆ ಎಷ್ಟು ಹೊತ್ತು ನಡೆಯಿತು, ಎಷ್ಟು ವ್ಯಾಟ್ ಎಳೆಯುತ್ತಿತ್ತು, ಕೋಣೆ ಎಷ್ಟು ಬಿಸಿಯಿತ್ತು, ಫ್ಯಾನ್ ಯಾವ ವೇಗದಲ್ಲಿತ್ತು ಎಂಬ ನಾಲ್ಕೂ ಇದ್ದರೆ ಮಾತ್ರ ಆ ಅಂಕಿಗೆ ಅರ್ಥ. ಯಾವ ಲಿಕ್ವಿಡ್ ಕೂಲರ್ ಕೂಡ ನೀರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ ಐದು ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಐದು ಡಿಗ್ರಿ ಏರುತ್ತದೆ.

ಇದೇ ಕಾರಣಕ್ಕೆ ಫ್ಯಾನ್ ವೇಗವನ್ನು ಪ್ರೊಸೆಸರ್ ಉಷ್ಣತೆಗೆ ಕಟ್ಟಿಹಾಕಬೇಡಿ. ಬ್ರೌಸರ್ ತೆರೆದ ಕೂಡಲೇ ಪ್ರೊಸೆಸರ್ 45ರಿಂದ 65ಕ್ಕೆ ಜಿಗಿದು ಮರುಕ್ಷಣ ಇಳಿಯುವುದು ಸಹಜ, ಅಷ್ಟರಲ್ಲಿ ನೀರು ಒಂದು ಡಿಗ್ರಿಯೂ ಏರಿರುವುದಿಲ್ಲ. ಆ ಜಿಗಿತಕ್ಕೆಲ್ಲ ಫ್ಯಾನ್ ಗುಯ್ ಎಂದು ಏರಿಳಿಯುವುದರಿಂದ ಏನೂ ಪ್ರಯೋಜನವಿಲ್ಲ, ತಲೆನೋವು ಅಷ್ಟೇ. ಕೂಲರ್‌ನಲ್ಲಿ ನೀರಿನ ಉಷ್ಣತೆ ಅಳೆಯುವ ಸೆನ್ಸರ್ ಇದ್ದರೆ ಫ್ಯಾನನ್ನು ಅದಕ್ಕೆ ಜೋಡಿಸಿ. ಇಲ್ಲದಿದ್ದರೆ ಬಯೋಸ್‌ನಲ್ಲಿ ಫ್ಯಾನ್ ಪ್ರತಿಕ್ರಿಯೆಯನ್ನು ಕೆಲವು ಸೆಕೆಂಡು ತಡಮಾಡುವ ಆಯ್ಕೆ ಇರುತ್ತದೆ, ಅದನ್ನು ಗರಿಷ್ಠಕ್ಕೆ ಇಡಿ. ಪಂಪ್ ಮಾತ್ರ ಒಂದೇ ವೇಗದಲ್ಲಿ ಓಡಲಿ. ಪೂರ್ತಿ ವೇಗದಲ್ಲಿ ಕೊರೆಯುವ ಸದ್ದು ಬಂದರೆ ಸ್ವಲ್ಪ ಇಳಿಸಿ ಅಲ್ಲೇ ನಿಲ್ಲಿಸಿ.

ಕೂರಿಸುವ ಜಾಗದ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ನಿಮ್ಮ ಬಳಕೆಗೆ ರೇಡಿಯೇಟರ್ ಮೇಲ್ಭಾಗದಲ್ಲಿ ಇರಲಿ, ಫ್ಯಾನ್ ಗಾಳಿಯನ್ನು ಹೊರಕ್ಕೆ ತಳ್ಳಲಿ. ಮುಂಭಾಗದಲ್ಲಿ ಒಳಮುಖವಾಗಿ ಕೂರಿಸಿದರೆ ಪ್ರೊಸೆಸರ್‌ಗೆ ತಾಜಾ ಗಾಳಿ ಸಿಕ್ಕಿ ಕೆಲವು ಡಿಗ್ರಿ ಲಾಭವಾಗುತ್ತದೆ, ನಿಜ. ಆದರೆ ಆ ಬಿಸಿ ಗಾಳಿಯನ್ನು ಕುಡಿಯಬೇಕಾದದ್ದು 300 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡ್. ಮೇಲ್ಭಾಗದಲ್ಲಿ ಇಟ್ಟರೆ ಕಾರ್ಡಿನ ಬಿಸಿ ಗಾಳಿ ರೇಡಿಯೇಟರ್ ಹಾದು ಹೋಗುತ್ತದೆ, ನೀರು ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ. ಕಾರ್ಡ್ ದುಡಿಯುವಾಗ ಪ್ರೊಸೆಸರ್ ಹೆಚ್ಚು ದುಡಿಯುವುದಿಲ್ಲವಾದ್ದರಿಂದ ಅದು ತಡೆದುಕೊಳ್ಳುವಂಥದ್ದೇ.

ಮೇಲ್ಭಾಗಕ್ಕೆ ಇನ್ನೊಂದು ಕಾರಣ ಗಾಳಿಗುಳ್ಳೆ. ಮುಚ್ಚಿದ ಕೂಲರ್‌ನೊಳಗೂ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಅದು ಯಾವಾಗಲೂ ಅತಿ ಎತ್ತರದ ಜಾಗ ಹುಡುಕಿಕೊಂಡು ಹೋಗುತ್ತದೆ. ಆ ಜಾಗ ರೇಡಿಯೇಟರ್‌ನ ತುದಿಯಾಗಿದ್ದರೆ ಚಿಂತೆಯಿಲ್ಲ. ರೇಡಿಯೇಟರನ್ನು ಕ್ಯಾಬಿನೆಟ್‌ನ ತಳದಲ್ಲಿ ಮಲಗಿಸಿದರೆ ಪಂಪೇ ಎತ್ತರದ ಜಾಗವಾಗಿಬಿಡುತ್ತದೆ. ಗುಳುಗುಳು ಸದ್ದು ಬರುತ್ತದೆ, ಪಂಪ್ ನೀರಿನ ಬದಲು ಗಾಳಿ ಹಿಡಿದು ಸವೆಯುತ್ತದೆ. ಹಾಗೆ ಎಂದೂ ಕೂರಿಸಬೇಡಿ. ಮುಂಭಾಗದಲ್ಲಿ ಲಂಬವಾಗಿ ನಿಲ್ಲಿಸುವುದೇ ಆದರೆ ರೇಡಿಯೇಟರ್‌ನ ಮೇಲ್ತುದಿ ಪಂಪಿಗಿಂತ ಮೇಲಿರಲಿ, ಕೊಳವೆಗಳು ತಲುಪುವುದಾದರೆ ಅವು ಕೆಳತುದಿಯಿಂದ ಹೊರಡಲಿ. ಆಗ ಮೇಲೆ ಗಾಳಿ ಸೇರಿದರೂ ಕೊಳವೆಯ ಬಾಯಿಗೆ ನೀರೇ ಸಿಗುತ್ತದೆ. ಹೊಸದರಲ್ಲಿ ಗುಳುಗುಳು ಕೇಳಿಸಿದರೆ ಪಂಪ್ ಓಡುತ್ತಿರುವಾಗಲೇ ಕ್ಯಾಬಿನೆಟನ್ನು ನಿಧಾನವಾಗಿ ಆ ಕಡೆ ಈ ಕಡೆ ವಾಲಿಸಿ, ಗುಳ್ಳೆಗಳು ತಮ್ಮ ಜಾಗ ಸೇರುತ್ತವೆ.

ಸೋರಿಕೆಯ ಭಯಕ್ಕೆ ಬರೋಣ. ಕಾರ್ಖಾನೆಯಲ್ಲೇ ಮುಚ್ಚಿ ಬರುವ ಎಐಓ (ಆಲ್-ಇನ್-ಒನ್) ಲಿಕ್ವಿಡ್ ಕೂಲರ್‌ಗಳಲ್ಲಿ ನೀರು ಹೊರಗೆ ತೊಟ್ಟಿಕ್ಕುವುದು ಅಪರೂಪ. ಆದರೆ ಅಸಾಧ್ಯವಲ್ಲ, ತೊಟ್ಟಿಕ್ಕಿದರೆ ಕೆಳಗೆ ಸರಿಯಾಗಿ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ. ಒಳಗಿರುವ ದ್ರವ ವಿದ್ಯುತ್ ಹರಿಸುವುದಿಲ್ಲ ಎಂಬ ಮಾತನ್ನು ನಂಬಿ ಕೂರಬೇಡಿ. ಲೋಹಗಳ ನಡುವೆ ಓಡಾಡಿದ ಮೇಲೆ ಅದರಲ್ಲಿ ಅಯಾನುಗಳು ಸೇರಿಕೊಳ್ಳುತ್ತವೆ, ಹೊರಗೆ ಬಿದ್ದರೆ ಬೋರ್ಡಿನ ದೂಳೂ ಸೇರುತ್ತದೆ. ಸೋರಿಕೆಯಿಂದ ಬೇರೆ ಭಾಗಗಳು ಹಾಳಾದರೆ ವಾರಂಟಿಯಲ್ಲಿ ಅವುಗಳ ನಷ್ಟವನ್ನೂ ತುಂಬಿಕೊಡುವ ಕಂಪನಿಗಳಿವೆ. ಕೊಳ್ಳುವ ಮುಂಚೆ ಆ ಸಾಲನ್ನು ಹುಡುಕಿ ಓದಿ.

ನಿಜವಾಗಿ ನಡೆಯುವ ಹಾನಿ ಇದಕ್ಕಿಂತ ಮೆಲ್ಲನೆಯದು. ರಬ್ಬರ್ ಕೊಳವೆಯ ಗೋಡೆಯ ಮೂಲಕ ನೀರು ಆವಿಯಾಗಿ ಸ್ವಲ್ಪ ಸ್ವಲ್ಪವೇ ಹೋಗುತ್ತಿರುತ್ತದೆ. ಕೂಲರ್‌ನ ತಟ್ಟೆ ತಾಮ್ರದ್ದು, ರೇಡಿಯೇಟರ್ ಸಾಮಾನ್ಯವಾಗಿ ಅಲ್ಯೂಮಿನಿಯಂನದ್ದು. ಎರಡು ಬೇರೆ ಲೋಹಗಳು ಒಂದೇ ದ್ರವದಲ್ಲಿದ್ದರೆ ತುಕ್ಕಿಗೆ ಆಹ್ವಾನ ಕೊಟ್ಟಂತೆ. ಅದನ್ನು ತಡೆಯುವ ರಾಸಾಯನಿಕ ದ್ರವದಲ್ಲೇ ಇರುತ್ತದೆ, ವರ್ಷ ಕಳೆದಂತೆ ಅದರ ಶಕ್ತಿ ಕುಂದಬಹುದು. ಆಗ ಹುಟ್ಟುವ ಕೆಸರು ತಟ್ಟೆಯೊಳಗಿನ ಕೂದಲೆಳೆಯಂಥ ಸಂದುಗಳಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ವಾರಂಟಿ ಸಾಮಾನ್ಯವಾಗಿ ಐದಾರು ವರ್ಷಕ್ಕೆ ನಿಲ್ಲುತ್ತದೆ. ಎಐಓ ಎಂದರೆ ಆಯುಷ್ಯ ಗೊತ್ತುಮಾಡಿಟ್ಟ ವಸ್ತು ಎಂದೇ ಲೆಕ್ಕ ಹಾಕಿ.

ಕೆಡುತ್ತಿದೆಯೋ ಇಲ್ಲವೋ ಎಂದು ಕೈಯಲ್ಲೇ ನೋಡಬಹುದು. ಅರ್ಧ ಗಂಟೆ ರೆಂಡರ್ ಓಡಿದ ಮೇಲೆ ಎರಡೂ ಕೊಳವೆಗಳನ್ನು ಮುಟ್ಟಿ. ನಿಮಿಷಕ್ಕೆ ಒಂದು ಲೀಟರ್ ನೀರು ಹರಿಯುತ್ತಿದ್ದರೆ 230 ವ್ಯಾಟ್‌ನಲ್ಲಿ ಹೋಗುವ ನೀರಿಗೂ ಬರುವ ನೀರಿಗೂ ಇರುವ ವ್ಯತ್ಯಾಸ ಮೂರರಿಂದ ನಾಲ್ಕು ಡಿಗ್ರಿ ಮಾತ್ರ. ಕೈಗೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಬೆಚ್ಚಗಿರಬೇಕು. ಒಂದು ಸುಡುವಂತಿದ್ದು ಇನ್ನೊಂದು ತಣ್ಣಗಿದ್ದರೆ ಹರಿವು ಕುಂಠಿತವಾಗಿದೆ. ಎರಡೂ ತಣ್ಣಗಿದ್ದು ಪ್ರೊಸೆಸರ್ ಮಾತ್ರ 95ರಲ್ಲಿದ್ದರೆ ಒಂದೋ ಪಂಪ್ ನಿಂತಿದೆ, ಇಲ್ಲವೇ ತಟ್ಟೆ ಸರಿಯಾಗಿ ಕೂತಿಲ್ಲ. ತಟ್ಟೆಯ ಮೇಲಿನ ಪ್ಲಾಸ್ಟಿಕ್ ಪದರ ಕೀಳದೆ ಬಿಗಿದುಬಿಟ್ಟವರೂ ಇದ್ದಾರೆ! ಪಂಪಿನ ತಂತಿಯನ್ನು 'ಸಿಪಿಯು ಫ್ಯಾನ್' ಎಂದು ಬರೆದಿರುವ ಪಿನ್‌ಗೆ ಹಾಕಿ, ಫ್ಯಾನ್‌ಗಳನ್ನು ಬೇರೆ ಪಿನ್‌ಗೆ ಕೊಡಿ. ಪಂಪ್ ತಿರುಗದಿದ್ದರೆ ಮದರ್‌ಬೋರ್ಡ್ ಕಂಪ್ಯೂಟರ್ ಆರಂಭವಾಗುವಾಗಲೇ ಎಚ್ಚರಿಸುತ್ತದೆ. 'ಎಐಓ ಪಂಪ್' ಎಂಬ ಪ್ರತ್ಯೇಕ ಪಿನ್ ಇದ್ದರೆ ಅದೂ ಸರಿಯೇ, ಎಚ್ಚರಿಕೆ ಆನ್ ಆಗಿದೆಯೇ ಎಂದು ಬಯೋಸ್‌ನಲ್ಲಿ ನೋಡಿ.

ಎಎಂ5 ಪ್ರೊಸೆಸರ್‌ಗಳ ಬಗ್ಗೆ ಒಂದು ಸೂಕ್ಷ್ಮ. ಬಿಸಿಯಾಗುವ ಚಿಪ್ಲೆಟ್‌ಗಳು ಮುಚ್ಚಳದ ನಟ್ಟನಡುವೆ ಇಲ್ಲ, ಒಂದು ಅಂಚಿನ ಕಡೆಗೆ ಸರಿದಿವೆ. ಅದಕ್ಕೆ ತಕ್ಕಂತೆ ತಟ್ಟೆಯನ್ನು ಕೆಲವು ಮಿ.ಮೀ. ಸರಿಸಿ ಕೂರಿಸುವ ಪಟ್ಟಿಗಳನ್ನು ನೋಕ್ಟುವಾ, ಆರ್ಕ್ಟಿಕ್ ಕೊಡುತ್ತವೆ. ಒಂದರಿಂದ ಮೂರು ಡಿಗ್ರಿ ಲಾಭ ಸಿಗುತ್ತದೆ. ಅದು ಕಿರಿದಾದ ಮೊದಲ ಹಂತದಲ್ಲೇ ಸಿಗುವ ಲಾಭವಾದ್ದರಿಂದ ನನ್ನ ಕಣ್ಣಲ್ಲಿ ಅದರ ತೂಕ ಹೆಚ್ಚು. ಆರ್ಕ್ಟಿಕ್‌ನವರು ಪಂಪಿನ ಪಕ್ಕ ಪುಟ್ಟ ಫ್ಯಾನ್ ಇಟ್ಟು ವಿಆರ್‌ಎಂ ಮೇಲೂ ಗಾಳಿ ಬೀಸುವಂತೆ ಮಾಡಿದ್ದಾರೆ. ಲಿಕ್ವಿಡ್ ಕೂಲರ್ ಹಾಕಿದರೆ ಸಾಕೆಟ್ ಸುತ್ತ ಗಾಳಿಯಾಟವೇ ಇರುವುದಿಲ್ಲ, ರಾತ್ರಿಯಿಡೀ ಓಡುವ ಯಂತ್ರಕ್ಕೆ ಇದು ಉಪಯುಕ್ತ.

ಇಂಟೆಲ್ ಬಳಸುವ ಓದುಗರಿಗೂ ಎರಡು ಮಾತು. ಕೋರ್ ಐ9-14900ಕೆ ಮಿತಿ 253 ವ್ಯಾಟ್. ಆದರೆ ಹಲವು ಮದರ್‌ಬೋರ್ಡ್‌ಗಳು ಹಿಂದೆ ಈ ಮಿತಿಯನ್ನು ತಾವಾಗಿಯೇ ತೆಗೆದುಹಾಕಿ ಬರುತ್ತಿದ್ದವು. ಯಾವ ಕೂಲರ್ ಹಾಕಿದರೂ 100 ಡಿಗ್ರಿ ಮುಟ್ಟುತ್ತದೆ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. 13 ಮತ್ತು 14ನೇ ಪೀಳಿಗೆಯ ಚಿಪ್‌ಗಳ ಅಸ್ಥಿರತೆಗೆ 2024ರಲ್ಲಿ ಬಂದ ಮೈಕ್ರೋಕೋಡ್ (ಚಿಪ್‌ನ ಒಳಗಿನ ಸೂಚನೆಗಳು) ಪರಿಹಾರಗಳನ್ನು ಬಯೋಸ್ ಅಪ್‌ಡೇಟ್ ಮೂಲಕ ಹಾಕಿಕೊಳ್ಳಲೇಬೇಕು, ಅದು ಕೂಲರ್‌ನಿಂದ ಬಗೆಹರಿಯುವ ಸಮಸ್ಯೆಯಲ್ಲ.

ಸ್ಕ್ರೀನ್ ವಿಷಯ. ನೋಡಲು ಚೆಂದ, ಒಪ್ಪುತ್ತೇನೆ. ಅದಕ್ಕೆ ಒಂದು ಯುಎಸ್‌ಬಿ 2.0 ಪಿನ್ ಬೇಕು, ಮದರ್‌ಬೋರ್ಡಿನಲ್ಲಿ ಅಂಥವು ಸಾಮಾನ್ಯವಾಗಿ ಒಂದೆರಡೇ ಇರುತ್ತವೆ. ಹಿನ್ನೆಲೆಯಲ್ಲಿ ಸದಾ ಓಡುವ ಒಂದು ಸಾಫ್ಟ್‌ವೇರ್ ಬೇಕು. ಐದಾರು ವರ್ಷಕ್ಕೆ ಪಂಪ್ ಜೊತೆಗೆ ಸ್ಕ್ರೀನನ್ನೂ ಎಸೆಯಬೇಕು. ನಾನಾದರೆ ಆ ಹಣವನ್ನು ಫ್ಯಾನ್‌ಗೆ ಹಾಕುತ್ತೇನೆ. ರೇಡಿಯೇಟರ್‌ನ ದಟ್ಟ ಪದರಗಳ ನಡುವೆ ಗಾಳಿ ನುಗ್ಗಿಸಲು ಒತ್ತಡ ಕೊಡುವ ಫ್ಯಾನ್ ಬೇಕು. ನೋಕ್ಟುವಾ ಎನ್‌ಎಫ್-ಎ12ಎಕ್ಸ್25, ಆರ್ಕ್ಟಿಕ್ ಪಿ12 ಇಂಥವು. ಫ್ಯಾನ್ ಬದಲಿಸುವಾಗ ಸ್ಕ್ರೂ ಉದ್ದ ಮಾತ್ರ ಬಲು ಜೋಕೆ. 30 ಮಿ.ಮೀ. ಫ್ಯಾನ್‌ಗೆ ಬಂದ ಸ್ಕ್ರೂವನ್ನು 25ರ ಫ್ಯಾನ್‌ಗೆ ಹಾಕಿ ಬಿಗಿದರೆ ತುದಿ ನೇರವಾಗಿ ರೇಡಿಯೇಟರ್‌ನ ನೀರಿನ ಕಾಲುವೆಯನ್ನು ಚುಚ್ಚಬಹುದು. ಬಣ್ಣದ ದೀಪಗಳಿದ್ದರೆ ಮೂರು ಪಿನ್‌ನ 5 ವೋಲ್ಟ್ ತಂತಿಯನ್ನು ನಾಲ್ಕು ಪಿನ್‌ನ 12 ವೋಲ್ಟ್ ಜಾಗಕ್ಕೆ ಒತ್ತಿ ತುರುಕಬೇಡಿ, ದೀಪಗಳು ಅಲ್ಲೇ ಸುಟ್ಟುಹೋಗುತ್ತವೆ.

ಕೊಳವೆ, ಪಂಪ್, ತೊಟ್ಟಿ ಎಲ್ಲ ಬೇರೆ ಬೇರೆ ಕೊಂಡು ಜೋಡಿಸುವ ಕಸ್ಟಮ್ ಲೂಪ್ ನಿಮಗೆ ಬೇಡ. ಆಗಾಗ ದ್ರವ ಬದಲಿಸುವ, ಜೋಡಣೆಗಳನ್ನು ಪರೀಕ್ಷಿಸುವ ಹವ್ಯಾಸ ಇರುವವರಿಗೆ ಅದು, ಕೆಲಸದ ಯಂತ್ರಕ್ಕಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನಿಮಗೆ ನನ್ನ ಸಲಹೆ ಹೀಗೆ. ರೆಂಡರ್ ಗ್ರಾಫಿಕ್ಸ್ ಕಾರ್ಡ್ ಮೇಲೆ ನಡೆಯುವುದಾದರೆ ಎರಡು ಗೋಪುರದ ಏರ್ ಕೂಲರ್, 142 ವ್ಯಾಟ್ ಮಿತಿ, ಗಾಳಿಯಾಡುವ ಕ್ಯಾಬಿನೆಟ್. ಪ್ರೊಸೆಸರ್ ಮೇಲೆ ನಡೆಯುವುದಾದರೆ ಸ್ಕ್ರೀನ್ ಇಲ್ಲದ 360, ಜಾಗ ಸಾಲದಿದ್ದರೆ 280, ಮೇಲ್ಭಾಗದಲ್ಲಿ, ಮೊದಲ ವಾರ 230 ವ್ಯಾಟ್‌ನಲ್ಲಿ ಓಡಿಸಿ ಆಮೇಲೆ 142ಕ್ಕೆ ಇಳಿಸಿ, ಒಂದೇ ಸೀನ್‌ನ ರೆಂಡರ್ ಸಮಯವನ್ನು ಎರಡರಲ್ಲೂ ಬರೆದುಕೊಳ್ಳಿ. 240 ಕೊಳ್ಳುವುದಕ್ಕೆ ಚಿಕ್ಕ ಕ್ಯಾಬಿನೆಟ್ ಬಿಟ್ಟರೆ ನನಗೆ ಬೇರೆ ಕಾರಣ ಕಾಣುವುದಿಲ್ಲ. ಅಷ್ಟು ದುಡ್ಡಿಗೆ ಏರ್ ಕೂಲರ್ ವಾಸಿ.

ಜೋಡಿಸಿದ ದಿನವೇ ಗ್ರಾಫಿಕ್ಸ್ ಕಾರ್ಡಿಗೂ ಹೊರೆ ಕೊಟ್ಟು ಅರ್ಧ ಗಂಟೆ ಓಡಿಸಿ. ಕೋಣೆಯ ಉಷ್ಣತೆ, ಪ್ರೊಸೆಸರ್ ವ್ಯಾಟ್, ಪ್ರೊಸೆಸರ್ ಉಷ್ಣತೆ, ಪಂಪ್ ವೇಗ, ಫ್ಯಾನ್ ವೇಗ ಇವನ್ನು ಎಚ್‌ಡಬ್ಲ್ಯೂಇನ್ಫೋ ಎಂಬ ಸಾಫ್ಟ್‌ವೇರ್‌ನಲ್ಲಿ ನೋಡಿ ಎಲ್ಲಾದರೂ ಬರೆದಿಡಿ, ಕೋಣೆಯದ್ದಕ್ಕೆ ಒಂದು ಥರ್ಮಾಮೀಟರ್ ಸಾಕು. ವರ್ಷಕ್ಕೊಮ್ಮೆ ದೂಳು ತೆಗೆದ ಮೇಲೆ ಅದೇ ಪರೀಕ್ಷೆ ಮಾಡಿ. ದೂಳು ಕೂರುವುದು ಫ್ಯಾನ್ ಮತ್ತು ರೇಡಿಯೇಟರ್ ನಡುವಿನ ಸಂದಿನಲ್ಲಿ, ಫ್ಯಾನ್ ಬಿಚ್ಚದೆ ಅದು ಕಾಣುವುದಿಲ್ಲ. ಕೋಣೆಯ ವ್ಯತ್ಯಾಸ ಕಳೆದ ಮೇಲೂ ಹತ್ತು ಡಿಗ್ರಿ ಹೆಚ್ಚು ತೋರಿಸಿದರೆ ಮೊದಲು ಪೇಸ್ಟ್ ಬದಲಿಸಿ ನೋಡಿ, ಅದರಿಂದಲೂ ಇಳಿಯದಿದ್ದರೆ ವಾರಂಟಿ ಇನ್ನೂ ಇರುವಾಗಲೇ ಕೂಲರನ್ನು ವಾಪಸ್ ಕಳಿಸಿ.